ಕೆಸರು ಹೊತ್ತೊಯ್ದ ಮನೆ ಎಲ್ಲಿ ಸಿಗುತ್ತದೆ: ಮೈಸೂರಿನ ಒಂದು ಕಾರ್ಯಾಗಾರದ ವಿಮರ್ಶೆ

ಗುಡ್ಡ ಕುಸಿದು ಕೆಸರು, ಬಂಡೆಗಳು ಹಳ್ಳದಗುಂಟ ನುಗ್ಗಿ ಬಂದಾಗ ನೆಲಸಮವಾದ ಮನೆಗಳ ಅವಶೇಷ ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಷ್ಟು ಆಳದಲ್ಲಿ ಹೂತುಹೋಗುತ್ತದೆ ಎಂಬ ಒಂದೇ ವಿಷಯವನ್ನು ಹಿಡಿದು ಮೈಸೂರಿನ ಸರಸ್ವತೀಪುರಂನಲ್ಲಿ ಖಾಸಗಿ ತಾಂತ್ರಿಕ ಸಲಹಾ ಸಂಸ್ಥೆಯೊಂದು ಇಡೀ ದಿನದ ಕಾರ್ಯಾಗಾರ ನಡೆಸುತ್ತಿದೆ. ಊಟ, ಕೈಪಿಡಿ ಸೇರಿ 2,000 ರೂಪಾಯಿ ಶುಲ್ಕ. ನಾನು ಹೋದ ದಿನ ಕೊಡಗಿನಲ್ಲಿ ತೋಟವಿರುವವರು, ಹೋಂಸ್ಟೇ ನಡೆಸುವವರು, ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ರಕ್ಷಣಾ ಕಾರ್ಯದಲ್ಲಿ ಸ್ವಯಂಸೇವಕರಾಗಿ ದುಡಿದ ಕೆಲವು ಯುವಕರು ಬಂದಿದ್ದರು. ಇಂಥ ವಿಷಯಕ್ಕೆ ಹಣ ಕೊಟ್ಟು ಬರುವ ಜನ ನಮ್ಮ ಊರಿನಲ್ಲಿ ಇದ್ದಾರೆಯೇ ಎಂಬ ಅನುಮಾನ ನನಗಿತ್ತು. ಕುರ್ಚಿಗಳು ಸಾಲದೆ ಹೋದವು. ಬೆಳಗಿನ ಭಾಗ ಕೊಟ್ಟ ಹಣಕ್ಕಿಂತ ಹೆಚ್ಚಿನದು, ಮಧ್ಯಾಹ್ನದ ಭಾಗ ಅಷ್ಟಕ್ಕಷ್ಟೆ. ಒಟ್ಟಾರೆ ಐದಕ್ಕೆ ಮೂರೂವರೆ ಕೊಡುತ್ತೇನೆ.

ಬಯಲು ಸೀಮೆಯ ಮೈಸೂರಿಗೆ ಈ ವಿಷಯ ದೂರದ್ದೆಂದು ತೋರಬಹುದು, ಆದರೆ ಹಾಗೇನೂ ಇಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಬೆಟ್ಟಗಳು ಜರಿದಾಗ ನೆಂಟರನ್ನು ಹುಡುಕಿಕೊಂಡು ಹೊರಟ ಎಷ್ಟೋ ವಾಹನಗಳು ಇಲ್ಲಿಂದಲೇ ಹೋದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮನೆಗಳು ಮಣ್ಣಿನೊಂದಿಗೆ ಜಾರಿಹೋದ ಬಳಿಕ ಕೆಳಗಿನ ಕಣಿವೆಯಲ್ಲಿ ಹುಡುಕಾಟ ಹಲವು ದಿನ ನಡೆಯಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲಗಳನ್ನು ಕೆಸರು ನುಂಗಿದಾಗ ಸತ್ತವರಲ್ಲಿ ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಮೂಲದವರೂ ಇದ್ದರು. ಚಾಮುಂಡಿ ಬೆಟ್ಟದ ನಂದಿಗೆ ಹೋಗುವ ರಸ್ತೆ 2021ರಲ್ಲಿ ಕುಸಿದದ್ದನ್ನು ಸಭಿಕರೊಬ್ಬರು ಎತ್ತಿದಾಗ ಉಪನ್ಯಾಸಕರು, ಅದು ರಸ್ತೆಯ ಅಂಚಿನ ಮಣ್ಣು ಇದ್ದಲ್ಲೇ ಜಗ್ಗಿ ಜಾರಿದ ಪ್ರಕರಣ, ಹಳ್ಳದಗುಂಟ ಹರಿದು ಬಂದ ಕೆಸರಿನ ಪ್ರವಾಹವಲ್ಲ ಎಂದು ಬೇರ್ಪಡಿಸಿ ಹೇಳಿದ್ದು ನನಗೆ ಹಿಡಿಸಿತು. ಕುಸಿತಗಳನ್ನೆಲ್ಲ ಒಂದೇ ಎಂದು ಕಾಣುವ ಅಭ್ಯಾಸ ನಮ್ಮ ಪತ್ರಿಕೆಗಳಿಗೂ ಇದೆ, ಅಧಿಕಾರಿಗಳಿಗೂ ಇದೆ.

ಕಾರ್ಯಾಗಾರದ ಜೀವಾಳ ಒಂದು ಫ್ಲೂಮ್. ಬೇಕಾದಷ್ಟು ಇಳಿಜಾರಿಗೆ ಎತ್ತಿ ನಿಲ್ಲಿಸಬಹುದಾದ, ಪಕ್ಕದ ಗೋಡೆಗಳು ಪಾರದರ್ಶಕವಾಗಿರುವ ಉದ್ದನೆಯ ಕಾಲುವೆ ಅದು. ಮೇಲ್ತುದಿಯಲ್ಲಿ ಒಂದು ಬಾಗಿಲು, ಅದರ ಹಿಂದೆ ಜೇಡಿ, ಮರಳು, ಜಲ್ಲಿ, ನೀರು ಕಲೆಸಿದ ರಾಡಿ. ಕೆಳತುದಿಯಲ್ಲಿ ಸಪಾಟಾದ ಅಗಲ ಹಲಗೆ. ಬಾಗಿಲು ಎತ್ತಿದ ಕೂಡಲೇ ರಾಡಿ ನೀರಿನಂತೆ ಹರಡದೆ ತಲೆಯೆತ್ತಿ ಬರುತ್ತದೆ. ಮುಂತುದಿಯಲ್ಲಿ ದಪ್ಪ ಜಲ್ಲಿ ಒಟ್ಟುಗೂಡಿ ಒಂದು ಗೋಡೆಯಾಗುತ್ತದೆ. ಅದರ ಹಿಂದೆ ತೆಳ್ಳನೆಯ ಕೆಸರು, ಕೊನೆಯಲ್ಲಿ ಹೆಚ್ಚು ಕಡಿಮೆ ಬರಿಯ ನೀರು. ಮೊರದಲ್ಲಿ ರಾಗಿ ಕೇರುವಾಗ ದಪ್ಪ ಕಸಕಡ್ಡಿ ಮೇಲೆದ್ದು ಬರುವ ಹಾಗೆ, ಅಲುಗಾಡುತ್ತ ಹರಿಯುವ ರಾಶಿಯಲ್ಲಿ ಸಣ್ಣ ಕಣಗಳು ಸಂದುಗಳಿಂದ ಕೆಳಗಿಳಿದು ದೊಡ್ಡವು ಮೇಲ್ಮೈಗೆ ಬರುತ್ತವೆ. ಮೇಲ್ಮೈಯ ವೇಗ ತಳದ ವೇಗಕ್ಕಿಂತ ಹೆಚ್ಚಾದ ಕಾರಣ ಮೇಲೆದ್ದ ದೊಡ್ಡ ಕಲ್ಲುಗಳು ಮುಂತುದಿಗೆ ಸಾಗುತ್ತವೆ. ಅಲ್ಲಿ ಹಿಂದಿನ ಕೆಸರು ಒತ್ತಿದಂತೆಲ್ಲ ಪಕ್ಕಕ್ಕೆ ತಳ್ಳಲ್ಪಟ್ಟು ಹರಿವಿನ ಎರಡೂ ಬದಿಗಳಲ್ಲಿ ಉದ್ದನೆಯ ಒಡ್ಡುಗಳಾಗಿ ಉಳಿಯುತ್ತವೆ. ಈ ಮೂರು ಸಂಗತಿಗಳನ್ನು, ಅಂದರೆ ಕಲ್ಲಿನ ಮುಂತುದಿ, ಬದಿಯ ಒಡ್ಡು, ನೀರಿನ ಬಾಲ ಇವನ್ನು, ಕಣ್ಣಾರೆ ಕಂಡವನಿಗೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಆಮೇಲೆ ಕಾಲುವೆಯ ಬಾಯಿಗೆ, ಹಲಗೆಯ ಮೇಲೆ, ಪುಟ್ಟ ಊರೊಂದನ್ನು ಇಟ್ಟರು. ಪ್ಲಾಸ್ಟರ್‌ನಿಂದ ಎರಕ ಹೊಯ್ದ ಗೋಡೆಗಳು, ಮರದ ಕಡ್ಡಿಯ ಮಾಡು, ತಗಡಿನ ಚೂರು. ಪ್ರತಿ ಮನೆಗೂ ಒಂದೊಂದು ಬಣ್ಣ. ಬಣ್ಣ ಬಳಿದದ್ದು ಅಂದಕ್ಕಲ್ಲ, ಯಾವ ಚೂರು ಯಾವ ಮನೆಯದೆಂದು ಆಮೇಲೆ ಪತ್ತೆ ಹಚ್ಚುವುದಕ್ಕೆ. ರಾಡಿ ನಿಂತು ನೀರು ಬಸಿದ ಮೇಲೆ ರಾಶಿಯನ್ನು ಹೋಳು ಹೋಳಾಗಿ ಕೊಯ್ದು, ಬಣ್ಣದ ಚೂರುಗಳನ್ನು ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಚೌಕುಳಿ ಹಾಳೆಯಲ್ಲಿ ನಾವೇ ಗುರುತಿಸಬೇಕು. ನಾನು ನೋಡಿದ ಯಾವ ತರಬೇತಿಯಲ್ಲೂ ಇಷ್ಟು ಸರಳವಾಗಿ, ಇಷ್ಟು ಖಚಿತವಾಗಿ ಕಲಿಸುವ ಪ್ರಯೋಗ ಕಂಡಿಲ್ಲ. ಮನೆ ಇದ್ದ ಜಾಗದಲ್ಲಿ ಆ ಮನೆಯ ಬಣ್ಣ ಹೆಚ್ಚಾಗಿ ಸಿಗಲೇ ಇಲ್ಲ. ಹಾಗೆಂದು ಎಲ್ಲೆಲ್ಲೋ ಚೆಲ್ಲಾಪಿಲ್ಲಿಯಾಗಿಯೂ ಸಿಗಲಿಲ್ಲ.

ಮನೆ ಮುರಿಯುವ ಬಗೆಯಿಂದಲೇ ಅವಶೇಷದ ಪ್ರಯಾಣ ನಿರ್ಧಾರವಾಗತೊಡಗುತ್ತದೆ. ಇಂಥ ಕೆಸರಿನ ಸಾಂದ್ರತೆ ಘನ ಮೀಟರಿಗೆ ಸುಮಾರು 2,000 ಕಿಲೋಗ್ರಾಂ, ಅಂದರೆ ನೀರಿನ ಎರಡರಷ್ಟು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದು ಗೋಡೆಗೆ ಅಪ್ಪಳಿಸಿದರೆ ಚದರ ಮೀಟರಿಗೆ ಸುಮಾರು 20 ಟನ್ ಭಾರ ಒತ್ತಿದಂತಾಗುತ್ತದೆ. ವೇಗ ಅರ್ಧಕ್ಕೆ ಇಳಿದರೆ ಒತ್ತಡ ಕಾಲುಭಾಗಕ್ಕೆ ಇಳಿಯುತ್ತದೆ. ಮುಂತುದಿಯ ಬಂಡೆಯೊಂದು ಬಂದು ಗುದ್ದುವ ಪೆಟ್ಟು ಇದರ ಮೇಲಿನ ಲೆಕ್ಕ. ಇಟ್ಟಿಗೆಯ ಗೋಡೆ ಮೇಲಿನಿಂದ ಬರುವ ಭಾರವನ್ನು ಹೊರಲೆಂದು ಕಟ್ಟಿದ್ದೇ ಹೊರತು ಅಡ್ಡಲಾಗಿ ಬರುವ ಈ ಒತ್ತಡದ ಸಣ್ಣ ಪಾಲನ್ನೂ ತಡೆಯಲಾರದು. ಆದುದರಿಂದ ಗೋಡೆಯೇ ಭಾರ ಹೊರುವ ಹಳೆಯ ಮನೆಗಳಲ್ಲಿ ಹಳ್ಳದ ಕಡೆಯ ಗೋಡೆ ಹೋದ ಗಳಿಗೆಯಲ್ಲೇ ಮಾಡು ಕೆಳಗೆ ಬರುತ್ತದೆ. ಕಂಬ, ತೊಲೆಗಳ ಕಾಂಕ್ರೀಟ್ ಮನೆಯಲ್ಲಿ ನಡುವಿನ ಗೋಡೆಗಳು ಕಿತ್ತುಹೋಗಿ, ಕೆಸರು ಮನೆಯ ಒಳಹೊಕ್ಕು ಹೊರಬಂದು, ಅಸ್ಥಿಪಂಜರ ನಿಂತು ಉಳಿಯುವ ಸಂಭವವಿದೆ. ಆದರೆ ಅದರೊಳಗಿದ್ದ ಸಾಮಾನು, ಮಂಚ, ಮನುಷ್ಯರು ಅಲ್ಲಿ ಉಳಿಯುವುದಿಲ್ಲ. ಮನೆ ನಿಂತಿದೆ ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆ ಕಡಿಮೆ.

ಸಾಂದ್ರತೆಯ ವಿಷಯದಲ್ಲಿ ಉಪನ್ಯಾಸಕರು ಕಪ್ಪು ಹಲಗೆಯ ಮೇಲೆ ಮಾಡಿ ತೋರಿಸಿದ ಸಣ್ಣ ಲೆಕ್ಕ ನನಗೆ ಇಡೀ ದಿನದ ಅತ್ಯುತ್ತಮ ಭಾಗವೆನಿಸಿತು. ಕಾಂಕ್ರೀಟಿನ ಸಾಂದ್ರತೆ ಘನ ಮೀಟರಿಗೆ ಸುಮಾರು 2,400 ಕಿಲೋಗ್ರಾಂ. ಅದೇ ಕಾಂಕ್ರೀಟನ್ನು 2,000 ಕಿಲೋಗ್ರಾಂ ಸಾಂದ್ರತೆಯ ಕೆಸರಿನಲ್ಲಿ ಮುಳುಗಿಸಿದರೆ ಅದರ ತೂಕದಲ್ಲಿ ಆರನೆಯ ಒಂದು ಪಾಲು ಮಾತ್ರ ಉಳಿಯುತ್ತದೆ, ಮಿಕ್ಕದ್ದನ್ನು ಕೆಸರೇ ಹೊರುತ್ತದೆ. ಹಾಗಾಗಿ ಕ್ರೇನ್ ಬೇಕಾಗುವಂಥ ಚಾವಣಿಯ ತುಂಡೊಂದು ನೂರಾರು ಮೀಟರ್ ದೂರ ಹೋಗಿ ಕುಳಿತಿದ್ದರೆ ಅದರಲ್ಲಿ ಪವಾಡವೇನೂ ಇಲ್ಲ. ಇಟ್ಟಿಗೆ, ಜಂಬಿಟ್ಟಿಗೆಗಳು ಕೆಸರಿನಷ್ಟೇ ಸಾಂದ್ರವಾದ ಕಾರಣ ಎಲ್ಲ ಆಳಗಳಲ್ಲೂ ಬೆರೆತು ಹೋಗುತ್ತವೆ. ಮರದ ತೊಲೆ, ಬಾಗಿಲು, ಫ್ರಿಜ್, ನೀರಿನ ಟ್ಯಾಂಕ್ ಇವೆಲ್ಲ ಮೇಲೆಯೇ ಉಳಿದು ಮುಂತುದಿಯತ್ತ ಸಾಗುತ್ತವೆ. ಮನೆಯಲ್ಲಿ ನಾವು ಬಳಸುವ 14.2 ಕಿಲೋಗ್ರಾಂ ಅನಿಲದ ಸಿಲಿಂಡರ್ ತುಂಬಿದ್ದರೂ ನೀರಿನಲ್ಲೇ ತೇಲುವಂಥದ್ದು, ಕೆಸರಿನಲ್ಲಿ ಕೇಳಬೇಕೇ? ಅದು ಅವಶೇಷದ ಮೇಲ್ಪದರದಲ್ಲೇ ಎಲ್ಲೋ ಇರುತ್ತದೆ ಎಂಬುದು ಅಗೆಯುವ ಯಂತ್ರದ ಚಾಲಕನಿಗೆ ತಿಳಿದಿರಬೇಕಾದ ವಿಷಯ.

ಮಾನವ ದೇಹದ ಸಾಂದ್ರತೆ ನೀರಿನಷ್ಟೇ ಇರುವಾಗ ಅದೂ ಕೆಸರಿನ ಮೇಲೆ ತೇಲಬೇಕಲ್ಲವೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ನಿಂತ, ತೆಳ್ಳನೆಯ ಕೆಸರಿನಲ್ಲಿ ತೇಲಬೇಕು, ನಿಜ. ಆದರೆ ಚಲಿಸುವ ಪ್ರವಾಹದಲ್ಲಿ ಕಲ್ಲುಗಳ ಡಿಕ್ಕಿ, ಮೇಲ್ಪದರ ಮುಂತುದಿಗೆ ಬಂದು ಮಗುಚಿ ಅಡಿಗೆ ಸೇರುವ ಕ್ರಿಯೆ, ಒಂದರ ಹಿಂದೊಂದು ಬರುವ ಅಲೆಗಳು ಹಳೆಯದರ ಮೇಲೆ ಹೊಸದನ್ನು ಹೊದಿಸುವುದು, ಕೆಸರು ನಿಂತ ಕೂಡಲೇ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವುದು ಇವೆಲ್ಲ ಸೇರಿ ಆ ಸರಳ ನಿಯಮವನ್ನು ಕೆಡಿಸುತ್ತವೆ. ಈ ಉತ್ತರವನ್ನು ಉಪನ್ಯಾಸಕರು ಅವಸರವಿಲ್ಲದೆ, ಎಲ್ಲಿಯೂ ಭೀಕರತೆಯನ್ನು ರಂಜಿಸದೆ ಕೊಟ್ಟರು. ಸಭೆಯಲ್ಲಿ 2018ರಲ್ಲಿ ಮನೆ ಕಳೆದುಕೊಂಡವರು ಇದ್ದರೆಂಬುದು ಅವರಿಗೆ ನೆನಪಿತ್ತು.

ಬಣ್ಣದ ಚೂರುಗಳಿಗೆ ಮರಳೋಣ. ಅವು ಸಿಕ್ಕ ಜಾಗಗಳನ್ನು ಚೌಕುಳಿ ಹಾಳೆಯಲ್ಲಿ ಗುರುತಿಸಿದಾಗ ಮೂಡಿದ ಚಿತ್ರವೇ ಈ ಕಾರ್ಯಾಗಾರದ ನಿಜವಾದ ಕಾಣಿಕೆ. ಹರಿವಿನ ನಟ್ಟನಡುವೆ ಇದ್ದ ಮನೆಯ ಚೂರುಗಳು ಬಹುಪಾಲು ರಾಶಿಯ ಹೊರ ಅಂಚಿಗೆ ಹೋಗಿ ಸೇರಿದ್ದವು, ಮರದ ಕಡ್ಡಿಗಳಂತೂ ಅಂಚಿನ ಮೇಲೆಯೇ ಕುಪ್ಪೆಯಾಗಿದ್ದವು. ಬದಿಯಲ್ಲಿದ್ದ ಮನೆಗಳದ್ದು ಪಕ್ಕದ ಒಡ್ಡುಗಳಲ್ಲಿ ಸಿಕ್ಕಿತು, ಅದೂ ತೀರ ದೂರ ಹೋಗದೆ. ಅಲುಗದೆ ನಿಂತ ಒಂದು ಗಟ್ಟಿ ಕಟ್ಟಡದ ಮೇಲ್ಬದಿಗೆ, ಅಂದರೆ ರಾಡಿ ಬಂದ ಕಡೆಗೆ, ಮೂರು ಮನೆಗಳ ಬಣ್ಣ ಒಟ್ಟಿಗೆ ಒತ್ತಿಕೊಂಡು ಕುಳಿತಿತ್ತು, ಕೆಳಬದಿಯ ನೆರಳಿನಂಥ ಜಾಗದಲ್ಲಿ ಮಾತ್ರ ಬರಿಯ ಸಣ್ಣ ಮರಳು. ಕಾಲುವೆಯ ತಿರುವಿನಲ್ಲಿ ರಾಡಿ ಹೊರಬದಿಯ ದಡವನ್ನು ಏರಿ ಹೋಗಿದ್ದರಿಂದ ಅಲ್ಲಿ, ನೀರು ಎಂದೂ ತಲುಪಲಾರದು ಎನ್ನುವಷ್ಟು ಎತ್ತರದಲ್ಲಿ, ತಗಡಿನ ಚೂರು ಅಂಟಿಕೊಂಡಿತ್ತು. ಪುಟ್ಟ ಸೇತುವೆಯೊಂದರ ಕೆಳಗೆ ಕಡ್ಡಿ, ಜಲ್ಲಿ ಸಿಕ್ಕಿಹಾಕಿಕೊಂಡು ಬಾಯಿ ಮುಚ್ಚಿದಾಗ ರಾಡಿ ದಾರಿ ಬಿಟ್ಟು ಪಕ್ಕಕ್ಕೆ ಹಾರಿ, ಸುರಕ್ಷಿತವೆಂದು ನಾವೇ ಆರಿಸಿ ಇಟ್ಟಿದ್ದ ಮನೆಯನ್ನು ಹೊದ್ದುಕೊಂಡಿತು. ಆ ಮನೆ ಮುರಿಯಲಿಲ್ಲ, ಇದ್ದಲ್ಲೇ ಹೂತುಹೋಯಿತು. ವೇಗ ಕಳೆದುಕೊಂಡ ಕೆಸರು ಒಡೆಯುವುದಕ್ಕಿಂತ ತುಂಬುವುದೇ ಹೆಚ್ಚು. ಇಳಿಜಾರು ಹತ್ತು ಡಿಗ್ರಿಗಿಂತ ಕಡಿಮೆಯಾಗತೊಡಗುವ ಕಣಿವೆಯ ಬಾಯಲ್ಲಿ ಪ್ರವಾಹ ಸಾಮಾನ್ಯವಾಗಿ ಹರಡಿ ನಿಲ್ಲತೊಡಗುತ್ತದೆ; ಮನೆ ಕಟ್ಟಲು, ರೆಸಾರ್ಟ್ ಎಬ್ಬಿಸಲು ನಮ್ಮವರು ಹುಡುಕುವ ಸಮತಟ್ಟು ಜಾಗವೂ ಅದೇ.

ಚೂರಲ್‌ಮಲದಲ್ಲಿ ಆದದ್ದನ್ನು ಈ ಚಿತ್ರದ ಪಕ್ಕಕ್ಕಿಟ್ಟು ನೋಡಬಹುದು. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಬಿಡುಗಡೆ ಮಾಡಿದ ಉಪಗ್ರಹ ಚಿತ್ರಗಳ ಪ್ರಕಾರ ಸಮುದ್ರ ಮಟ್ಟದಿಂದ 1,550 ಮೀಟರ್ ಎತ್ತರದಲ್ಲಿ ಸುಮಾರು 86,000 ಚದರ ಮೀಟರ್ ನೆಲ ಜಾರಿ, ಕೆಸರು ಹೊಳೆಯ ಪಾತ್ರವನ್ನು ಹಿಡಿದು ಸುಮಾರು 8 ಕಿಲೋಮೀಟರ್ ಹರಿಯಿತು. ವೆಳ್ಳಾರ್ಮಲದ ಸರ್ಕಾರಿ ಶಾಲೆಯ ಕಟ್ಟಡಕ್ಕೆ ದೊಡ್ಡ ದೊಡ್ಡ ದಿಮ್ಮಿಗಳು ಒತ್ತಿಕೊಂಡು ನಿಂತ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಅದು ಫ್ಲೂಮ್‌ನಲ್ಲಿ ಕಂಡ ಗಟ್ಟಿ ಕಟ್ಟಡದ ಮೇಲ್ಬದಿಯೇ. ಆದರೆ ಶವಗಳು, ದೇಹದ ಭಾಗಗಳು ಹತ್ತಾರು ಕಿಲೋಮೀಟರ್ ಕೆಳಗೆ, ಮಲಪ್ಪುರಂ ಜಿಲ್ಲೆಯ ನಿಲಂಬೂರು, ಪೋತ್ತುಕಲ್ಲು ಭಾಗದ ಚಾಲಿಯಾರ್ ನದಿಯಲ್ಲಿ ಸಿಕ್ಕವು. ಬಂಡೆಗಳ ಮುಂತುದಿ ಅಷ್ಟು ದೂರ ಹೋಗಿಲ್ಲ. ಶವಗಳನ್ನು ಒಯ್ದದ್ದು ಹಿಂದಿನಿಂದ ಬಂದ ನೀರಿನ ಬಾಲ ಮತ್ತು ಆಮೇಲೂ ಬಿಡದೆ ಸುರಿದ ಮಳೆಯ ಹೊಳೆ, ಏಕೆಂದರೆ ಆ ನೀರು ನಿಂತ ರಾಶಿಯನ್ನು ಕೊರೆದು ಹೂತದ್ದನ್ನು ಮತ್ತೆ ಬಿಡಿಸಿ ತೇಲಿಸುತ್ತದೆ. ವಯನಾಡಿನ ನೀರೆಲ್ಲ ಕಬಿನಿಗೆ ಬರುತ್ತದೆಂಬ ಭಾವನೆಯಲ್ಲಿ, ಆ ವಾರ ನಂಜನಗೂಡಿನಲ್ಲಿ ಕಪಿಲೆ ಉಕ್ಕಿ ಹರಿಯುತ್ತಿದ್ದಾಗ ಅವಶೇಷ ಇಲ್ಲಿಗೂ ಬರಬಹುದೆಂದು ಮಾತನಾಡಿಕೊಂಡವರುಂಟು. ಮಾನಂದವಾಡಿ, ಪನಮರಂ ಕಡೆಯ ನೀರು ಕಬಿನಿಗೆ ಬರುವುದು ನಿಜ. ಮುಂಡಕ್ಕೈ ಇರುವುದು ಮಾತ್ರ ಪಡುವಣಕ್ಕೆ ಹರಿದು ಬೇಪೂರಿನಲ್ಲಿ ಅರಬ್ಬಿ ಸಮುದ್ರ ಸೇರುವ ಚಾಲಿಯಾರ್‌ನ ಜಲಾನಯನದಲ್ಲಿ. ಅವಶೇಷವನ್ನು ಹುಡುಕುವವನ ಮೊದಲ ನಕ್ಷೆ ನೀರು ಯಾವ ಕಡೆ ಇಳಿಯುತ್ತದೆ ಎಂಬ ನಕ್ಷೆಯೇ ಆಗಿರಬೇಕು.

ಈ ಭಾಗಕ್ಕೆ ಕಾರ್ಯಾಗಾರ ಕೊಟ್ಟದ್ದು ಅರ್ಧ ಗಂಟೆ, ಇದು ನನ್ನ ಮುಖ್ಯ ತಕರಾರು. ಕೆಸರು ನಿಂತ ನಂತರದ ಗಂಟೆಗಳಲ್ಲಿ, ದಿನಗಳಲ್ಲಿ ಅವಶೇಷ ಮತ್ತೆ ಹೇಗೆ ಚಲಿಸುತ್ತದೆ ಎಂಬುದು ಸ್ವಯಂಸೇವಕರಿಗೆ ಎಲ್ಲಕ್ಕಿಂತ ಅಗತ್ಯವಾದ ಪಾಠ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ ಕಾಣೆಯಾದ ಲಾರಿಯನ್ನು ಮೊದಲು ಹೆದ್ದಾರಿಯ ಮೇಲೆ ಬಿದ್ದ ಮಣ್ಣಿನಡಿ ಹುಡುಕಲಾಯಿತು. ಅದು ಸೆಪ್ಟೆಂಬರ್ 25ರಂದು ಗಂಗಾವಳಿ ನದಿಯ ತಳದಲ್ಲಿ ಸಿಕ್ಕಿತು. ಶಿರೂರಿನದು ಹಳ್ಳದಲ್ಲಿ ಹರಿದು ಬಂದ ಪ್ರವಾಹವಲ್ಲದಿದ್ದರೂ, ಮಣ್ಣು ನೀರನ್ನು ಸೇರಿದ ಮೇಲೆ ಹುಡುಕಾಟದ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯಿಲ್ಲ. ಅದರ ಪ್ರಸ್ತಾಪವೇ ಬರಲಿಲ್ಲ.

ಭೂಕಂಪಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಚೆನ್ನಾಗಿ ಹೇಳಿದರು. ಭೂಕಂಪದಲ್ಲಿ ಬಿದ್ದ ಚಾವಣಿಗಳ ನಡುವೆ ಗಾಳಿಯಿರುವ ಪೊಳ್ಳುಗಳು ಉಳಿಯುತ್ತವೆ, ಅದರೊಳಗೆ ಜನ ದಿನಗಟ್ಟಲೆ ಬದುಕಿದ್ದಾರೆ. ಇಲ್ಲಿ ಆ ಪೊಳ್ಳುಗಳಿಗೆ ಕೆಸರು ನುಗ್ಗಿ ತುಂಬಿಕೊಳ್ಳುತ್ತದೆ. ಹೀಗಾಗಿ ಬದುಕಿರುವವರನ್ನು ಹುಡುಕುವ ಅವಧಿ ಬಹಳ ಚಿಕ್ಕದು; ಹುಡುಕಬೇಕಾದದ್ದೂ ಮೊದಲು ರಾಶಿಯ ಅಂಚಿನಲ್ಲಿ, ಮೇಲಿನ ಮಹಡಿಗಳಲ್ಲಿ, ಕೆಸರು ಪೂರ್ತಿ ತುಂಬದೆ ಬಿಟ್ಟ ಕೋಣೆಗಳಲ್ಲಿ. ನಡುವಿನ ಆಳ ಇನ್ನೂ ಹಸಿಯಾಗಿದ್ದು, ಯಂತ್ರವನ್ನೂ ಮನುಷ್ಯನನ್ನೂ ಒಳಗೆಳೆದುಕೊಳ್ಳುತ್ತದೆ.

ಇನ್ನು ಫ್ಲೂಮ್‌ನ ಮಿತಿಯ ಮಾತು. ಪ್ರವಾಹ ಅಷ್ಟು ದೂರ ಓಡುವುದಕ್ಕೆ ಕಾರಣ ಕಣಗಳ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ. ಆ ಒತ್ತಡ ಕಣಗಳನ್ನು ಪರಸ್ಪರ ಉಜ್ಜಿ ನಿಲ್ಲದಂತೆ ಎತ್ತಿ ಹಿಡಿದಿರುತ್ತದೆ, ಅದು ಸೋರಿಹೋದಾಗ ಕೆಸರು ಬಿಗಿದು ನಿಲ್ಲುತ್ತದೆ. ಸೋರಿಹೋಗಲು ಬೇಕಾದ ಕಾಲ ಪದರದ ದಪ್ಪದ ವರ್ಗದಷ್ಟು ಹೆಚ್ಚುತ್ತದೆ, ಆದುದರಿಂದ ಐದು ಸೆಂಟಿಮೀಟರ್ ದಪ್ಪದ ಮಾದರಿ ರಾಡಿ ಬೇಗ ಬಿಗಿದು ನಿಲ್ಲುತ್ತದೆ, ಐದು ಮೀಟರ್ ದಪ್ಪದ ನಿಜವಾದ ಪ್ರವಾಹ ಬಹಳ ಹೊತ್ತು ದ್ರವವಾಗಿಯೇ ಉಳಿದು ಓಡುತ್ತದೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಆರೆಗಾನ್‌ನ ಕಾಡಿನಲ್ಲಿ 95 ಮೀಟರ್ ಉದ್ದ, 2 ಮೀಟರ್ ಅಗಲ, 31 ಡಿಗ್ರಿ ಇಳಿಜಾರಿನ ಕಾಂಕ್ರೀಟ್ ಕಾಲುವೆಯನ್ನು 1991ರಿಂದ ಇಟ್ಟುಕೊಂಡಿರುವುದು ಸಣ್ಣ ಮಾದರಿಗಳ ಈ ದೋಷದಿಂದ ತಪ್ಪಿಸಿಕೊಳ್ಳುವುದಕ್ಕೇ. ನಾನು ಕೇಳಿದ ಮೇಲೆ ಉಪನ್ಯಾಸಕರು ಇದನ್ನು ಒಪ್ಪಿ ವಿವರಿಸಿದರು. ಆದರೆ ಕೇಳದಿದ್ದರೆ, ಹಲಗೆಯ ಮೇಲೆ ಮನೆಯ ಚೂರುಗಳು ಹೋದಷ್ಟೇ ದೂರವನ್ನು ನೂರರಿಂದ ಗುಣಿಸಿ ತನ್ನ ತೋಟದ ಮನೆ ಸುರಕ್ಷಿತವೆಂದು ಯಾರಾದರೂ ನಂಬಿ ಹೋಗುತ್ತಿದ್ದರು. ನನ್ನ ಪಕ್ಕದಲ್ಲಿ ಕುಳಿತವರು ಆ ಗುಣಾಕಾರವನ್ನು ಆಗಲೇ ಮಾಡಿ ಮುಗಿಸಿದ್ದರು. ಮಾದರಿಯಿಂದ ಅವಶೇಷ ಯಾವ ಕಡೆ ಹೋಗುತ್ತದೆ, ಯಾವುದು ಮೇಲೆ ಯಾವುದು ಕೆಳಗೆ ಎಂಬುದನ್ನು ಕಲಿಯಬಹುದು. ಎಷ್ಟು ದೂರ ಎಂಬುದನ್ನು ಕಲಿಯಬಾರದು. ಈ ಮಾತನ್ನು ಕೈಪಿಡಿಯ ಮೊದಲ ಪುಟದಲ್ಲೇ ಅಚ್ಚು ಹಾಕಿಸಬೇಕು.

ಮಧ್ಯಾಹ್ನದ ಅವಧಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಉಪಗ್ರಹ ಚಿತ್ರಗಳು ಒಂದಾದ ಮೇಲೊಂದು ಬಂದವು, ಪ್ರತಿ ಚಿತ್ರಕ್ಕೂ ಎರಡು ಮಾತು, ಅಷ್ಟೇ. ಪುಣೆ ಜಿಲ್ಲೆಯ ಮಾಳಿಣ ಊರು 2014ರ ಜುಲೈ 30ರಂದು, ವಯನಾಡಿನ ದುರಂತಕ್ಕೆ ಸರಿಯಾಗಿ ಹತ್ತು ವರ್ಷ ಮೊದಲು, ಮಣ್ಣಿನಡಿ ಹೋದದ್ದನ್ನು ತೋರಿಸಿದರು; ಅಲ್ಲಿ ಗುಡ್ಡ ಊರಿನ ನೆತ್ತಿಯ ಮೇಲೇ ಜಾರಿದ್ದರಿಂದ ಅವಶೇಷ ಚೂರಲ್‌ಮಲದಂತೆ ನದಿಯ ಪಾಲಾಗಿ ಮೈಲುಗಟ್ಟಲೆ ಹೋಗಲಿಲ್ಲ ಎಂಬ ಹೋಲಿಕೆಯನ್ನು ಮಾಡಿದ್ದರೆ ಆ ಚಿತ್ರಕ್ಕೆ ಬೆಲೆ ಬರುತ್ತಿತ್ತು. ಕೊನೆಯ ಅರ್ಧ ಗಂಟೆ ಆ ಸಂಸ್ಥೆಯ ನಿವೇಶನ ಪರಿಶೀಲನಾ ಸೇವೆಯ ಪ್ರಚಾರಕ್ಕೆ ಹೋಯಿತು, ದರಪಟ್ಟಿಯನ್ನೂ ಹಂಚಿದರು. ಹಣ ಕೊಟ್ಟು ಬಂದವರ ಮುಂದೆ ಇನ್ನೊಂದು ಸರಕನ್ನು ಮಾರುವುದು ಸಭ್ಯತೆಯಲ್ಲ, ಅದರಲ್ಲೂ ಬೆಳಗ್ಗೆಯೆಲ್ಲ ಭಯ ಹುಟ್ಟಿಸಿದ ಮೇಲೆ.

ಕೈಪಿಡಿ ಒಳ್ಳೆಯ ಕನ್ನಡದಲ್ಲಿದೆ, ಚಿತ್ರಗಳು ಸ್ಪಷ್ಟವಾಗಿವೆ, ಚೌಕುಳಿ ಹಾಳೆಯ ಖಾಲಿ ಪ್ರತಿಗಳನ್ನೂ ಸೇರಿಸಿದ್ದಾರೆ. ಊಟ ಸಾಧಾರಣ, ಹಾಲ್‌ನಲ್ಲಿ ಹಿಂದಿನ ಸಾಲಿನವರಿಗೆ ಫ್ಲೂಮ್ ಕಾಣುವುದಿಲ್ಲವಾದ್ದರಿಂದ ಬೇಗ ಹೋಗಿ ಎಡಬದಿಯಲ್ಲಿ ಕೂರುವುದು ಒಳ್ಳೆಯದು. ಕೊಡಗು, ಸಕಲೇಶಪುರ, ವಯನಾಡುಗಳಲ್ಲಿ ಹಳ್ಳದ ಬದಿಯ ಜಾಗಕ್ಕೆ ಮುಂಗಡ ಕೊಡುವ ಯೋಚನೆಯಲ್ಲಿರುವವರು ಕೊಡುವ ಮುನ್ನ ಈ ಬೆಳಗನ್ನು ಇಲ್ಲಿ ಕಳೆಯಲಿ, ಊಟ ಮುಗಿಸಿ ಮನೆಗೆ ಹೋದರೂ ನಷ್ಟವಿಲ್ಲ. ರಕ್ಷಣಾ ಸ್ವಯಂಸೇವಕರಿಗೆ ಈಗಿರುವ ರೂಪದಲ್ಲಿ ಇದು ಸಾಲದು. ನದಿಯ ಹಂತಕ್ಕೆ, ರಾಶಿಯ ಮೇಲೆ ನಡೆಯುವ ಎಚ್ಚರಕ್ಕೆ, ಸಿಕ್ಕ ವಸ್ತುವನ್ನು ಎತ್ತುವ ಮೊದಲು ಅದು ಸಿಕ್ಕ ಸ್ಥಳ ಮತ್ತು ಆಳವನ್ನು ಬರೆದಿಡುವ ಅಭ್ಯಾಸಕ್ಕೆ ಇನ್ನೊಂದು ದಿನವನ್ನು ಸೇರಿಸುವುದಾದರೆ ಶುಲ್ಕ ದುಪ್ಪಟ್ಟಾದರೂ ನಾನು ಮತ್ತೆ ಹೆಸರು ಕೊಡುತ್ತೇನೆ.